ಓರೆ ಶೆಲ್ಫಿನ ಅಳಿಯ ಹಡಗು ಕಟ್ಟಿದ್ದು

ನಿವೃತ್ತನಾದ ಮನುಷ್ಯ ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ಏನಾದರೂ ಮಾಡಲು ಹೊರಟರೆ ಮಾತ್ರ ಒಂದರ ಹಿಂದೊಂದು ಗ್ರಹಚಾರ ಮನೆ ಹುಡುಕಿಕೊಂಡು ಬರುತ್ತದೆ. ನನಗಂತೂ ಅದು ಹಡಗಿನ ರೂಪದಲ್ಲಿ ಬಂತು.

ನನ್ನ ಹೆಂಡತಿಯ ತಂದೆ, ಅಂದರೆ ಮಾವ, ಕಾಪುವಿನವರು. ಹರೆಯದಲ್ಲಿ ಮಂಜಿಯಲ್ಲಿ ದುಡಿದವರು. ಮಂಜಿ ಎಂದರೆ ಹಾಯಿ ಕಟ್ಟಿ ಹೆಂಚು ಸಾಗಿಸುತ್ತಿದ್ದ ಮರದ ಹಡಗು. ಅದರ ಒಂದು ಫೋಟೋ ಕೂಡ ಇಲ್ಲ ಎಂದು ಒಮ್ಮೆ ಊಟದ ಹೊತ್ತಿಗೆ ಬೇಸರಪಟ್ಟರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಸಣ್ಣದೊಂದು ನಾನು ಮಾಡಿಕೊಡ್ತೇನೆ ಮಾವ" ಅಂದುಬಿಟ್ಟೆ.

ಗಂಜಿ ನೆತ್ತಿಗೆ ಹತ್ತುವಷ್ಟು ನಕ್ಕರು. "ನೀವಾ? ಮೊದಲು ಆ ಶೆಲ್ಫನ್ನು ನೆಟ್ಟಗೆ ಮಾಡಿ ಮಾರಾಯ್ರೆ!"

ಮದುವೆಯ ಹೊಸತರಲ್ಲಿ ಅವರ ಚಾವಡಿಯ ಗೋಡೆಗೆ ನಾನೊಂದು ಶೆಲ್ಫ್ ಹೊಡೆದಿದ್ದೆ. ಸ್ವಲ್ಪ ಓರೆ. ಸ್ವಲ್ಪವೇ! ಅಂದಿನಿಂದ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿದ ಮೇಲೆಯೇ ಚಹಾ. ಈ ಸಲ ಅವರ ಬಾಯಿಂದ "ಅಡ್ಡಿಲ್ಲ" ಅನ್ನಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಹಡಗಿಗೂ ಆಯ

ಹಡಗಿಗೆ ಮೊದಲು ಅಡಿಮರ ಬೇಕು. ಹಲಸಿನ ಮರದ ತುಂಡು ಹಿಡಿದು ಕಾರ್ಕಳದ ಹತ್ತಿರ ಕುಕ್ಕುಂದೂರಿನ ಒಬ್ಬ ಆಚಾರಿಯ ಬಳಿಗೆ ಹೋಗಿ ಅಳತೆ ಹೇಳಿ ಬಂದೆ. ಕೆಲವು ದಿನ ಬಿಟ್ಟು ಹೋದರೆ ಅಡಿಮರ ಎರಡು ಬೆರಳು ಉದ್ದ ಉಂಟು.

"ಇದೆಂತ ಆಚಾರ್ರೆ, ಅಳತೆ ತಪ್ಪಿದೆಯಲ್ಲ?"

"ತಪ್ಪಿದ್ದು ನಿಮ್ಮದು. ನಿಮ್ಮ ಅಳತೆಗೆ ಆಯ ಕೂಡುವುದಿಲ್ಲ. ಯಜಮಾನನಿಗೆ ಒಳ್ಳೆಯದಲ್ಲ."

"ಅಯ್ಯೋ, ವಾಸ್ತು, ಆಯ ಎಲ್ಲ ನೋಡಲಿಕ್ಕೆ ಇದು ಮನೆಯಾ? ಮೇಜಿನ ಮೇಲೆ ಇಡುವ ಹಡಗು!"

"ಇರಲಿ. ನಾಳೆ ಮುಳುಗಿದರೆ ಆಚಾರಿಯನ್ನೇ ಅಲ್ವಾ ಬೈಯುವುದು?"

ಅಡಿಮರ ಉದ್ದವಾದ ಮೇಲೆ ಉಳಿದದ್ದೂ ಉದ್ದವಾಗಬೇಕು. ಇದ್ದ ಮರವೆಲ್ಲ ಅದಕ್ಕೇ ಖರ್ಚಾಯಿತು, ಒಂದು ಹಲಗೆಯೂ ಹೆಚ್ಚಿಗೆ ಉಳಿಯಲಿಲ್ಲ. ಹಲ್ಲು ಕಚ್ಚಿಕೊಂಡು ಹೊರಟವನನ್ನು ಆಚಾರಿ ಹಿಂದಕ್ಕೆ ಕರೆದರು.

"ಹಡಗಿನ ಬಾಗಿಲು ಯಾವ ದಿಕ್ಕಿಗೆ?"

ಹಲಸಿನ ಇಡ್ಲಿ

ಹಲಗೆ ಬಗ್ಗಬೇಕಾದರೆ ಹಬೆಯಲ್ಲಿ ಬೇಯಬೇಕು. ಅಂಬಲಪಾಡಿಯ ನಮ್ಮ ಮನೆಯಲ್ಲಿ ಹಬೆ ಬರುವುದು ಇಡ್ಲಿ ಪಾತ್ರೆಯಿಂದ ಮಾತ್ರ. ಹೆಂಡತಿ ದೇವಸ್ಥಾನಕ್ಕೆ ಹೋದದ್ದೇ ತಡ, ಹಲಗೆಗಳನ್ನು ಬೇಯಲಿಟ್ಟೆ. ಕೊನೆಯ ಹಲಗೆ ಒಳಗಿರುವಾಗ ಅವಳು ಬಂದಳು. ಅದೇ ಹೊತ್ತಿಗೆ ಫೋನೂ ಬಂತು: ಮಣಿಪಾಲದಿಂದ ನನ್ನ ಹಳೆಯ ಸಹೋದ್ಯೋಗಿ ತಿಂಡಿಗೆ ಬರುತ್ತಿದ್ದಾರಂತೆ.

"ಪಾತ್ರೆ ಬಿಡಿ!"

"ಐದೇ ನಿಮಿಷ ಮಾರಾಯ್ತಿ, ಇನ್ನೂ ಬೆಂದಿಲ್ಲ!"

"ಬೆಂದರೆ ನೀವು ತಿನ್ನುತ್ತೀರಾ?"

ಹಲಗೆ ಅಂಗಳಕ್ಕೆ ಬಿತ್ತು. ಅರೆಬೆಂದ ಆ ದರಿದ್ರ ಹಲಗೆ ಏನು ಮಾಡಿದರೂ ಬಗ್ಗಲಿಲ್ಲ. ಬೇರೆ ಹಲಗೆ ಇಲ್ಲದ್ದರಿಂದ ಅದನ್ನೇ ಹೊಡೆದೆ. ಹಡಗಿನ ಎಡಮಗ್ಗುಲು ಹಲ್ಲುನೋವಿನ ಕೆನ್ನೆಯ ಹಾಗೆ ಉಬ್ಬಿತು.

ಇತ್ತ ಗಡಿಬಿಡಿಯಲ್ಲಿ ಹೆಂಡತಿ ನೀರು ಬದಲಿಸಲು ಮರೆತು ಇಡ್ಲಿ ಇಟ್ಟಿದ್ದಳು. ಸಹೋದ್ಯೋಗಿ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಆಹಾ! ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬಿನದೇ ಪರಿಮಳ. ಎಲೆ ಇಲ್ಲದೆ ಹೇಗೆ ಮಾಡಿದಿರಿ ಅಕ್ಕ?"

"ಇವರನ್ನೇ ಕೇಳಿ" ಅಂದಳು ಹೆಂಡತಿ, "ಇವತ್ತಿನ ಅಡುಗೆ ಇವರದ್ದು."

ಹಡಗು ಮುಂದೆ ಹೋಗಲಿ

ಅಂತೂ ಹಡಗು ಮುಗಿಯಿತು. "ಈ ಬಸ್ಸಿಗೆ ಹಡಗು ಬರ್ತದೆ, ಸ್ಟಾಪಿನಲ್ಲಿ ನಿಲ್ಲಿ" ಎಂದು ಮಾವನಿಗೆ ಫೋನ್ ಮಾಡಿ ಉಡುಪಿಯಲ್ಲಿ ಬಸ್ಸು ಹತ್ತಿದೆ. ಹೆಂಡತಿ, "ಆ ಹಡಗಿನೊಟ್ಟಿಗೆ ನಾನಿಲ್ಲ" ಎಂದು ಬರಲೇ ಇಲ್ಲ.

ಹಾಯಿಕಂಬ ಎಲ್ಲಾದರೂ ತಾಗೀತೆಂದು ಬಾಗಿಲ ಹತ್ತಿರವೇ ನಿಂತಿದ್ದೆ. ಕಂಡಕ್ಟರ್ ಬಿಡಬೇಕಲ್ಲ! "ಹಡಗು ಮುಂದೆ ಹೋಗ್ಲಿ, ಹಡಗು ಮುಂದೆ ಹೋಗ್ಲಿ!" ನೂಕಿಸಿಕೊಂಡು ಮಧ್ಯಕ್ಕೆ ಬಂದೆ. ಸೀಟಿನಲ್ಲಿದ್ದ ಒಬ್ಬರು ಅಜ್ಜಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಕಾಪು ಬಂತು. ಇಡೀ ಬಸ್ಸೇ ಎದ್ದು ನಿಂತಿತು. "ಮೆಲ್ಲ, ಮೆಲ್ಲ, ಕಂಬ ಜಾಗ್ರತೆ" ಎನ್ನುತ್ತ ಕೈಯಿಂದ ಕೈಗೆ ದಾಟಿಸಿ ಹಡಗನ್ನು ಕೆಳಗೆ ಕಾಯುತ್ತಿದ್ದ ಮಾವನ ಕೈಗೆ ಕೊಟ್ಟರು. ಕಂಡಕ್ಟರ್ ತೃಪ್ತಿಯಿಂದ "ರೈಟ್!" ಅಂದ.

ನಾನು ಬಸ್ಸಿನೊಳಗೇ ಇದ್ದೆ.

ಮಾವನ ಪರೀಕ್ಷೆ

ಮುಂದಿನ ಸ್ಟಾಪಿನಲ್ಲಿ ಇಳಿದು, ಕಂಡಕ್ಟರನಿಗೆ ಶಾಪ ಹಾಕುತ್ತ ನಡೆದು ಬಂದೆ. ಮಾವ ಹಡಗನ್ನು ಚಾವಡಿಯ ಮೇಜಿನ ಮೇಲಿಟ್ಟು ಬಲಗಡೆಯಿಂದ ನೋಡುತ್ತ ಕೂತಿದ್ದರು. ಕಣ್ಣು ಒದ್ದೆ. ಹಾಯಿಕಂಬದ ಬುಡವನ್ನು ಬೆರಳಿನಿಂದ ಮುಟ್ಟಿ, "ಇಲ್ಲೇ ನಾನು ಮಲಗುತ್ತಿದ್ದದ್ದು" ಅಂದರು.

"ಅಡ್ಡಿಲ್ಲವಾ ಮಾವ?"

"ಅಡ್ಡಿಲ್ಲವಾ? ಫಸ್ಟ್ ಕ್ಲಾಸ್! ಯಾವ ಅಂಗಡಿಯಲ್ಲಿ ಸಿಕ್ಕಿತು?"

"ಅಂಗಡಿಯಾ! ನಾನೇ ಮಾಡಿದ್ದು!"

"ಸುಮ್ಮನಿರಿ ಮಾರಾಯ್ರೆ. ಬಸ್ಸಿನಲ್ಲಿ ಪಾರ್ಸೆಲ್ ಬಂದದ್ದನ್ನು ನಾನೇ ಇಳಿಸಿಕೊಂಡದ್ದಲ್ವಾ?"

ದೇವರಾಣೆ ಹಾಕಿದೆ. ಉಳಿ ತಾಗಿದ ಬೆರಳು ತೋರಿಸಿದೆ. ಹೆಂಡತಿಯಿಂದ ಫೋನಿನಲ್ಲಿ ಸಾಕ್ಷಿ ಹೇಳಿಸಿದೆ. "ಅವಳು ಗಂಡನನ್ನು ಬಿಟ್ಟುಕೊಡ್ತಾಳಾ?" ಎಂದು ಅದನ್ನೂ ತಳ್ಳಿಹಾಕಿದರು. ನನಗೆ ತಲೆಕೆಟ್ಟುಹೋಯಿತು. ಯಾರ ಕಣ್ಣಿಗೂ ಬೀಳಬಾರದೆಂದು ಇದ್ದದ್ದನ್ನು ನಾನೇ ಅವರ ಮುಂದೆ ತಿರುಗಿಸಿ ಹಿಡಿದೆ. ಎಡಮಗ್ಗುಲು.

ಮಾವ ಕನ್ನಡಕ ಹುಡುಕಿ ಹಾಕಿಕೊಂಡರು. ಉಬ್ಬಿದ ಹಲಗೆಯ ಮೇಲೆ ಕೈಯಾಡಿಸಿದರು. ತಲೆಯೆತ್ತಿ ಗೋಡೆಯ ಶೆಲ್ಫನ್ನು ನೋಡಿದರು. ಪುನಃ ಹಲಗೆಯನ್ನು ನೋಡಿದರು. ಮುಖ ಅರಳಿತು.

"ಹೌದು ಹೌದು! ಇದು ನಮ್ಮ ಅಳಿಯನದ್ದೇ ಕೈ!"

ಈಗ ಹಡಗು ಅದೇ ಓರೆ ಶೆಲ್ಫಿನ ಮೇಲೆ, ಎಡಮಗ್ಗುಲು ಹೊರಗೆ ಮಾಡಿಕೊಂಡು ಕೂತಿದೆ. ಬಂದವರಿಗೆ ಚಹಾ ಸಿಗಬೇಕಾದರೆ ಎರಡನ್ನೂ ನೋಡಬೇಕು.