ಹನ್ನೆರಡನೇ ನಂಬರಿನ ಮೌನ

ಹರಿಣಿ ಮಾಡಿದ ತಪ್ಪು ಒಂದೇ. ಅಮೆರಿಕದ ಸೆಂಟರ್‌ವಿಲ್ ಊರಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, ‘ಒಬ್ರು ಮಲಗೋವಂಥ ಟೆಂಟ್ ಯಾರ ಹತ್ರ ಆದ್ರೂ ಇದ್ಯಾ? ವೀಕೆಂಡ್‌ಗೆ ಬೇಕಿತ್ತು’ ಎಂದು ಕೇಳಿದಳು. ಟೆಂಟಿನ ಜೊತೆ ಟೆಂಟಿನವರೂ ಬರುತ್ತಾರೆಂಬುದು ಪಾಪ, ಅವಳಿಗೆ ಗೊತ್ತಿರಲಿಲ್ಲ.

ಟೆಂಟು ಶ್ರೀಲತಾ ಆಂಟಿಯದು. ಹರಿಣಿ ಬಾಡಿಗೆಗಿದ್ದ ಬೇಸ್‌ಮೆಂಟೂ ಅವರದೇ.

“ಒಬ್ಳೇ ಕಾಡಿಗೆ ಹೋಗ್ತೀಯಾ? ನಾಳೆ ನಿಮ್ಮಮ್ಮ ಫೋನ್ ಮಾಡಿದ್ರೆ ನಾನೇನು ಹೇಳ್ಲಿ? ತಡಿ, ನಾವೂ ಬರ್ತೀವಿ.”

ನಾವು ಎಂದರೆ ಆಂಟಿ ಮತ್ತು ಅವರ ಯಜಮಾನರು ತ್ಯಾಗರಾಜ ಅಂಕಲ್ ಎಂದು ಹರಿಣಿ ತಿಳಿದಿದ್ದಳು. ಶನಿವಾರ ಬೆಳಗಿನ ಜಾವ ಮನೆ ಮುಂದೆ ಮೂರು ಕಾರು ನಿಂತಿದ್ದವು. ಹತ್ತಿರದ ಆಲ್ಡಿ ಊರಿನಿಂದ ರಾಮಲಿಂಗಪ್ಪ, ಗೌರಾಬಾಯಿ ದಂಪತಿ. ಪಕ್ಕದ ಬೀದಿಯ ಯಶವಂತನ ಮನೆಯ ನಾಲ್ವರು. ಒಟ್ಟು ಒಂಬತ್ತು ಜನ, ಎರಡು ಕುಕ್ಕರು, ಒಂದು ಕಾವಲಿ, ಮೊಸರಿನ ದೊಡ್ಡ ಪಾತ್ರೆ.

ಹರಿಣಿಗೆ ಬೇಕಾಗಿದ್ದದ್ದು ಒಂದು ದಿನದ ಮೌನ. ಅವಳ ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬ ಹುಡುಗಿ ತೊರೆಯ ದಂಡೆಯಲ್ಲಿ ಹೊತ್ತು ಮುಳುಗುವ ತನಕ ತುಟಿ ಎರಡು ಮಾಡದೆ ಕೂರುತ್ತಾಳೆ. ಆಗ ವನದೇವಿ ಬಂದು, ‘ಏನು ಬೇಕು ಕೇಳು ಮಗಳೇ’ ಎನ್ನುತ್ತಾಳೆ. ಇಪ್ಪತ್ತೇಳು ವರ್ಷದ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಹೊಟ್ಟೆ ಹೊರೆಯುವ ಹರಿಣಿ ಇದನ್ನೆಲ್ಲ ನಂಬುವವಳಲ್ಲ. ಒಂದು ಸಲ ಟೆಸ್ಟ್ ಮಾಡಿ ನೋಡೋಣ ಎಂದುಕೊಂಡಿದ್ದಳು, ಅಷ್ಟೇ. ಅದಕ್ಕೆಂದೇ ಫೆಬ್ರವರಿಯಿಂದ ಹೊಂಚು ಹಾಕಿ, ಪೆನ್ಸಿಲ್ವೇನಿಯಾದ ಉತ್ತರದ ತುದಿಯಲ್ಲಿ, ಫೋನ್ ಸಿಗ್ನಲ್ ಕೂಡ ಹೋಗಲು ಹೆದರುವ ಕಾಡಿನಲ್ಲಿ, ತೊರೆಯ ಪಕ್ಕದ ಏಳನೇ ನಂಬರಿನ ಜಾಗ ಹಿಡಿದಿದ್ದಳು. ಹೊಸದಾಗಿ ಸೊಳ್ಳೆಬಲೆಯ ಟೋಪಿಯನ್ನೂ ಕೊಂಡಿದ್ದಳು. ಅದನ್ನು ಹಾಕಿಕೊಂಡರೆ ಮುಖ ಚಹಾ ಸೋಸುವ ಜಾಲರಿಯ ಹಿಂದೆ ಕೂತಂತೆ ಕಾಣುತ್ತಿತ್ತು.

ಐದು ಗಂಟೆ ಡ್ರೈವ್ ಮಾಡಿ ತಲುಪಿದರೆ, ಎದುರಿಗೇ ಕರಡಿಯ ಎಚ್ಚರಿಕೆಯ ಬೋರ್ಡು. ವಾಸನೆ ಬರುವ ಯಾವ ವಸ್ತುವೂ ಹೊರಗಿರಕೂಡದು, ಎಲ್ಲವನ್ನೂ ಅಲ್ಲಿಟ್ಟಿರುವ ಉಕ್ಕಿನ ಪೆಟ್ಟಿಗೆಯಲ್ಲಿ ಹಾಕಿ ಚಿಲಕ ಹಾಕಬೇಕು. ಹರಿಣಿ ಓದಿ ಹೇಳಿದಳು. ಆಂಟಿ ಇಂಗಿನ ಡಬ್ಬಿ, ಗೊಜ್ಜವಲಕ್ಕಿ, ಊದಿನಕಡ್ಡಿ, ಅಂಕಲ್ ಮಂಡಿಗೆ ಹಚ್ಚುವ ಎಣ್ಣೆ ಒಂದೊಂದಾಗಿ ಜೋಡಿಸಿದರು. ಪೆಟ್ಟಿಗೆ ತುಂಬಿತು.

“ವಾಸನಿ ಇದ್ದದ್ದೆಲ್ಲಾ ಒಳಗ ಇಡಬೇಕಂದ್ರ ನಮ್ಮ ಮನಿಯವರ ಸಾಕ್ಸ್ ಎಲ್ಲಿ ಇಡೋಣವಾ?” ಎಂದರು ಗೌರಾಬಾಯಿ.

“ಅವು ಹೊರಗೇ ಇರಲಿ. ಕರಡಿ ಓಡಿ ಹೋಗ್ತದ,” ಎಂದರು ರಾಮಲಿಂಗಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

ಹರಿಣಿ ಮೆಲ್ಲಗೆ ಜಾರಿ ತೊರೆಯ ನಡುವಿನ ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ನೀರು ಗುಳುಗುಳು ಎನ್ನುತ್ತಿತ್ತು. ಎರಡು ನಿಮಿಷವಾಗಿರಬಹುದು.

“ಹರಿಣಿ, ನಿಂದು ವೀಸಾ ಸ್ಟ್ಯಾಂಪಿಂಗ್ ಯಾವಾಗಮ್ಮ?” ತ್ಯಾಗರಾಜ ಅಂಕಲ್ ಬಿಂದಿಗೆ ಹಿಡಿದು ನಿಂತಿದ್ದರು.

ಅವರನ್ನು ಕಳಿಸುವಷ್ಟರಲ್ಲಿ ಶ್ರೀಲತಾ ಆಂಟಿ ಹುರುಳಿಕಾಯಿ, ಚಾಕು ಹಿಡಿದು ಪಕ್ಕದ ಬಂಡೆಗೆ ಬಂದರು. “ನೀನು ಧ್ಯಾನ ಮಾಡ್ಕೋಮ್ಮ, ನಾನು ಮಾತೇ ಆಡಲ್ಲ. ಅಲ್ಲಾ, ಆ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಸಿಕ್ಕಿದ್ರಲ್ಲ ಅಲಮೇಲು, ಅವರ ತಂಗಿ ಮಗನ ವಿಷಯ ಗೊತ್ತಾಯ್ತಾ?”

ಹರಿಣಿಗೆ ಗೊತ್ತಾಗಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಗೊತ್ತಾಯಿತು.

ಅಷ್ಟರಲ್ಲಿ ಎರಡೂ ಕುಕ್ಕರು ಒಟ್ಟಿಗೆ ಸೀಟಿ ಹಾಕಿದವು. ಎದುರು ಟೆಂಟಿನ ಅಮೆರಿಕನ್ ದಂಪತಿ ಅದನ್ನು ಕರಡಿ ಬಂದ ಸೂಚನೆಯೆಂದು ತಿಳಿದು, ಅರ್ಧ ತಿಂದ ಸ್ಯಾಂಡ್‌ವಿಚ್ ಬಿಸಾಕಿ, ಕಾರಿನೊಳಗೆ ಹೊಕ್ಕು ಗಾಜು ಏರಿಸಿಕೊಂಡರು. ಯಶವಂತ ಹೋಗಿ ಗಾಜು ತಟ್ಟಿ, “ನೋ ಬೇರ್, ಓನ್ಲಿ ಬೇಳೆ” ಎಂದು ಸಮಾಧಾನ ಹೇಳಿಬಂದ.

ಹರಿಣಿಯ ತಾಳ್ಮೆ ಅಲ್ಲಿಗೆ ತಳ ಹಿಡಿಯಿತು. ಬಲೆಯ ಟೋಪಿ ಕುತ್ತಿಗೆಯ ತನಕ ಎಳೆದುಕೊಂಡು, ಒಂದು ಮೈಲಿ ನಡೆದು, ಗೇಟಿನ ಬಳಿ ಗುಡಿಸಲಿನಲ್ಲಿದ್ದ ಕ್ಯಾಂಪಿನ ಮೇಲ್ವಿಚಾರಕರ ಮುಂದೆ ನಿಂತಳು. ಖಾಕಿ ಟೋಪಿ, ಬಿಳಿ ಮೀಸೆಯ ಮುದುಕರು.

“ಏಳನೇ ಜಾಗದಲ್ಲಿ ಒಂಬತ್ತು ಜನ ಇದ್ದಾರೆ. ಆರೇ ಜನಕ್ಕೆ ಅಲ್ಲವೇ ಅವಕಾಶ? ವಿಪರೀತ ಗದ್ದಲ,” ಎಂದಳು ಇಂಗ್ಲಿಷಿನಲ್ಲಿ.

“ನಿಮ್ಮ ಜಾಗ ಯಾವುದು?”

“ಅದರ ಹತ್ತಿರದ್ದೇ.” ಅವಳು ಸುಳ್ಳು ಹೇಳಲಿಲ್ಲ. ಏಳಕ್ಕೆ ಏಳರಷ್ಟು ಹತ್ತಿರದ್ದು ಇನ್ನೊಂದಿಲ್ಲ.

ಹೆಸರು ಕೇಳುವ ಮೊದಲೇ ಅಲ್ಲಿಂದ ಕಾಲ್ಕಿತ್ತಳು. ವಾಪಸು ಬಂದು ಟೋಪಿ ತೆಗೆದಿಟ್ಟಳೋ ಇಲ್ಲವೋ, ಆಂಟಿ ಅದನ್ನೆತ್ತಿ ನೊಣ ಕೂರದಂತೆ ಮೊಸರಿನ ಪಾತ್ರೆಗೆ ತೊಡಿಸಿದರು. “ಎಲ್ಲಿ ಹೋಗಿದ್ದೆ? ನೀನು ಬರ್ಲಿ ಅಂತ ಯಾರಿಗೂ ಬಡಿಸಿಲ್ಲ,” ಎಂದು ಬಿಸಿಬೇಳೆಬಾತಿನ ಮೊದಲ ಸೌಟನ್ನು ಅವಳ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದರು. ಹರಿಣಿ ತಲೆ ತಗ್ಗಿಸಿ ಆ ತುಪ್ಪವನ್ನು ಕಲಸುತ್ತಲೇ ಕೂತಳು.

ಮೇಲ್ವಿಚಾರಕರು ಬಂದೇ ಬಂದರು. ಅವರು ಬಾಯಿ ತೆರೆಯುವ ಮೊದಲೇ ಆಂಟಿ ಕೈಗೆ ತಟ್ಟೆ ಕೊಟ್ಟರು. ಎರಡನೇ ಸಲ ಬಡಿಸಿಕೊಂಡು, ಮೀಸೆಯವರೆಗೂ ಕೆಂಪಾದ ಮೇಲೆ ಅವರಿಗೆ ಕರ್ತವ್ಯ ನೆನಪಾಯಿತು. ನಿಮ್ಮ ಮೇಲೆ ಒಬ್ಬ ಹುಡುಗಿ ದೂರು ಕೊಟ್ಟಿದ್ದಾಳೆ, ಜಾಗ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಎಂಟು ಬೆರಳು ಹರಿಣಿಯತ್ತ ತಿರುಗಿದವು.

“ಯಾರ್ರೀ ಅಕಿ ಕಂಪ್ಲೇಂಟ್ ಕೊಟ್ಟಾಕಿ? ಅಕಿ ಅನ್ನ ಹಳಸಲಿ!” ಗೌರಾಬಾಯಿ ಸೌಟು ಎತ್ತಿದರು.

ಶ್ರೀಲತಾ ಆಂಟಿ ಹರಿಣಿಯ ಭುಜ ತಬ್ಬಿಕೊಂಡು, “ಸರ್, ಈ ಹುಡುಗೀನ ಏನೂ ಅನ್ಬೇಡಿ. ಬೇಕಾದ್ರೆ ನಾವು ಹೊರಡ್ತೀವಿ. ಪಾಪ, ಇವಳಿಗೆ ಕಾಡು ಅಂದ್ರೆ ಪ್ರಾಣ,” ಎಂದು ತಮ್ಮ ಇಂಗ್ಲಿಷಿನಲ್ಲಿ ಬೇಡಿಕೊಂಡರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಮುದುಕರು ತಲೆಯಾಡಿಸಿದರು. ಹನ್ನೆರಡನೇ ಜಾಗ ಬೆಳಿಗ್ಗೆ ತಾನೇ ಖಾಲಿಯಾಗಿದೆ ಎಂದರು. ತೊರೆಯ ತಿರುವಿನಲ್ಲಿ, ಅರ್ಧ ಮೈಲಿ ಸುತ್ತ ಯಾರೂ ಇಲ್ಲ, ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. “ದೂರು ಕೊಟ್ಟ ಹುಡುಗಿಗೇ ಕೊಡೋಣವೆಂದು ಹುಡುಕುತ್ತಿದ್ದೇನೆ. ಪಾಪ, ಮೌನಕ್ಕೆ ಹಸಿದವಳ ಹಾಗಿದ್ದಳು. ತಲೆಗೆ ಬಲೆ ಹಾಕಿದ್ದಳು. ನೋಡಿದಿರಾ?”

“ಬಲೆ ಈ ಕಾಡಲ್ಲಿ ಎಲ್ರ ತಲೆ ಮೇಲೂ ಇದ್ಯಲ್ಲ,” ಎಂದ ಯಶವಂತ.

ಮುದುಕರ ಕಣ್ಣು ಮೊಸರಿನ ಪಾತ್ರೆಯ ಮೇಲೆ ನಿಂತಿತು. ಅಲ್ಲಿಂದ ನಿಧಾನವಾಗಿ ಹರಿಣಿಯ ಮೇಲೆ ಬಂತು. “ನಿಮಗೇನಾದರೂ ಗೊತ್ತೇ?” ಎಂದು ಮೆತ್ತಗೆ ಕೇಳಿದರು.

ಒಂದೇ ಮಾತು. ಒಂದು ಮಾತಾಡಿದರೆ ಮೌನ ಪೂರ್ತಿ ಅವಳದು. ಆಂಟಿಯ ಕೈ ಇನ್ನೂ ಭುಜದ ಮೇಲಿತ್ತು. ಬೆರಳಿಗೆ ತುಪ್ಪದ ವಾಸನೆಯಿತ್ತು.

“ಗೊತ್ತಿಲ್ಲ ಸರ್,” ಎಂದಳು ಹರಿಣಿ.

“ಹಾಗಾದರೆ ನೀವೇ ಹೋಗಿ. ಅಲ್ಲಿ ಹನ್ನೆರಡು ಜನಕ್ಕೆ ಅವಕಾಶವಿದೆ,” ಎಂದು ಅವರು ಮೂರನೇ ಸಲ ತಟ್ಟೆ ಚಾಚಿದರು.

ಚಪ್ಪಾಳೆ ಬಿತ್ತು. ಹರಿಣಿಗೆ ಒಂದು ಕೊನೆಯ ಆಸೆ ಹೊಳೆಯಿತು. “ಆಂಟೀ, ನೀವೆಲ್ಲಾ ಹೋಗಿ. ನಾನು ಇಲ್ಲೇ ಇರ್ತೀನಿ, ಪರ್ವಾಗಿಲ್ಲ.”

“ಹುಚ್ಚುಡುಗಿ! ಆ ಚಾಡಿಕೋರಿ ಇಲ್ಲೇ ಎಲ್ಲೋ ಪಕ್ಕದಲ್ಲಿದಾಳೆ. ಅಂಥವಳ ಪಕ್ಕ ನಿನ್ನೊಬ್ಳನ್ನೇ ಬಿಟ್ಟು ಹೋಗ್ತೀನಾ ನಾನು?”

ಸಂಜೆಯ ಹೊತ್ತಿಗೆ ಹರಿಣಿ ದೊಡ್ಡ ಕುಕ್ಕರು ಹೊತ್ತು ಹನ್ನೆರಡನೇ ಜಾಗ ತಲುಪಿದ್ದಳು. ಮುದುಕರು ಹೇಳಿದ್ದು ನಿಜ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಕುಕ್ಕರಿನ ಮೊದಲ ಸೀಟಿಗೆ ಒಂದು ಹಕ್ಕಿ ಇದ್ದದ್ದು ಗೊತ್ತಾಯಿತು, ಅದು ಹಾರಿಹೋಯಿತು. ಅವಳು ದಂಡೆಯಲ್ಲಿ ಕೂತು ಅಜ್ಜಿಯನ್ನು ನೆನೆದಳು. ವನದೇವಿ ಬಂದಿದ್ದಳು, ಖಾಕಿ ಟೋಪಿ ಹಾಕಿ, ಮೀಸೆ ಬಿಟ್ಟುಕೊಂಡು. ಏನು ಬೇಕು ಎಂದು ಹೆಚ್ಚುಕಡಿಮೆ ಕೇಳಿಯೂ ಇದ್ದಳು. ತುಟಿ ಎರಡು ಮಾಡಬಾರದು ಎಂದಷ್ಟೇ ಅಜ್ಜಿ ಹೇಳಿದ್ದಳು. ಯಾವಾಗ ಮಾಡಬೇಕೆಂದು ಹೇಳಿರಲಿಲ್ಲ.

“ಸೊಳ್ಳೆ ಶುರುವಾಯ್ತು ನೋಡು,” ಎಂದು ಶ್ರೀಲತಾ ಆಂಟಿ ಮೊಸರು ಮೆತ್ತಿದ ಬಲೆಯ ಟೋಪಿಯನ್ನು ತಂದು ಅವಳ ತಲೆಗೆ ತೊಡಿಸಿದರು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು.

“ಅಯ್ಯೋ, ಬನ್ರೀ ಎಲ್ರೂ! ಆ ಕಂಪ್ಲೇಂಟ್ ಕೊಟ್ಟವಳು ಥೇಟ್ ಹೀಗೇ ಇದ್ದಿರಬೇಕು!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಹರಿಣಿ ನಕ್ಕಳು.