ಮಹಡಿ ಮೇಲಿನ ಬಣ್ಣದ ಡಬ್ಬಗಳನ್ನು ಗುಜರಿಗೆ ಕೊಡದಿರುವ ಕುರಿತು

ಇಂದ,
ಕಿರಿಯ ಮಗಳು,
ಪದವೀಧರೆ, ಸದ್ಯಕ್ಕೆ ಮನೆಯಲ್ಲೇ,
ಒಳಗಿನ ಕೋಣೆ (ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ).

ಗೆ,
ಅಮ್ಮನವರು,
ಅಡುಗೆಮನೆ, ಹೊಲಿಗೆ ಯಂತ್ರ ಹಾಗೂ ಮಹಡಿಯ ಬಟ್ಟೆ ತಂತಿಗಳ ಸರ್ವಾಧಿಕಾರಿಗಳು.

ವಿಷಯ: ಸತ್ತುಹೋದ ತರಕಾರಿ ತೋಟಕ್ಕೆ ಇನ್ನೊಂದು ಅವಕಾಶ ಕೋರಿ.

ಉಲ್ಲೇಖ:
೧. ಮೊನ್ನೆ ಊಟದ ಹೊತ್ತಿನಲ್ಲಿ ತಾವು ಹೊರಡಿಸಿದ ಬಾಯಿಮಾತಿನ ಆದೇಶ: "ಸತ್ತ ಗಿಡ ನೋಡ್ಕೊಂಡು ಎಷ್ಟು ದಿನ ಅಂತ ಕೂತಿರ್ತೀಯ? ಭಾನುವಾರ ಗುಜರಿಯವನು ಬರ್ತಾನೆ, ಡಬ್ಬ ಎಲ್ಲ ಕೊಟ್ಬಿಡ್ತೀನಿ."
೨. ಸದರಿ ಆದೇಶಕ್ಕೆ ಅರ್ಜಿದಾರಳು ತಲೆಯಾಡಿಸಿದ್ದು. ತಲೆ ಯಾವ ದಿಕ್ಕಿಗೆ ಆಡಿತೆಂಬುದು ದಾಖಲಾಗಿಲ್ಲ.

ಮಾನ್ಯ ಅಮ್ಮನವರೇ,

ಎದುರು ನಿಂತು ಹೇಳಹೊರಟರೆ ಅರ್ಧಕ್ಕೇ ಕೋಣೆಗೆ ಓಡಿಹೋಗುವ ಕಾರಣ, ಅರ್ಜಿದಾರಳು ಈ ಕೆಳಗಿನ ಅಂಶಗಳನ್ನು ಬರವಣಿಗೆಯಲ್ಲಿ ಅರಿಕೆ ಮಾಡಿಕೊಳ್ಳುತ್ತಾಳೆ.

೧. ಸಂದರ್ಶನಕ್ಕೆ ಹೋದಲ್ಲೆಲ್ಲ ಬಾಯಿ ಬಿಡದೆ ಎದ್ದು ಬಂದ ಕಾರಣ ಅರ್ಜಿದಾರಳಿಗೆ ಕೆಲಸ ಸಿಕ್ಕಿರುವುದಿಲ್ಲ. ಆದ್ದರಿಂದ ಅವಳು ಕೋಣೆ ಸೇರಿ ಡೈರಿ ಬರೆಯುತ್ತಿದ್ದಳು. ಡೈರಿಯಲ್ಲಿ ಬರೆಯಲು ಏನೂ ನಡೆಯದ ಕಾರಣ ಹುರುಳಿಕಾಯಿ, ಟೊಮೇಟೊ ಮತ್ತು ಬದನೆಯ ಬೀಜ ತಂದು, ಗೋಡೆಗೆ ಬಣ್ಣ ಹೊಡೆದು ಖಾಲಿಯಾದ ಡಬ್ಬಗಳಿಗೆ ಮಣ್ಣು ತುಂಬಿ, ಮಹಡಿಯ ಮೇಲೆ ಬಿತ್ತಿದಳು. ಆ ದಿನ ಅಜ್ಜಿಯವರು, "ಅಂತೂ ಹುಡುಗಿ ಬಿಸಿಲಿನ ಮುಖ ನೋಡಿದ್ಲು" ಎಂದದ್ದನ್ನು ತಾವೂ ಕೇಳಿರುತ್ತೀರಿ.

೨. ಬೀಜಗಳು ಮೊಳೆತವು. ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದ ಹುರುಳಿಕಾಯಿ ಮೊಳಕೆಯನ್ನು ಕಂಡು ಅರ್ಜಿದಾರಳು ಅದರೊಂದಿಗೆ ಮಾತನಾಡಿರುತ್ತಾಳೆ. ಏನು ಮಾತನಾಡಿದಳೆಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

೩. ಆಮೇಲೆ ಎಲೆಗಳು ಹಳದಿಯಾಗಿ, ಕಾಂಡ ಮೆತ್ತಗಾಗಿ, ಗಿಡಗಳು ಒಂದೊಂದಾಗಿ ತಲೆ ಇಳಿಬಿಟ್ಟವು. ಒಂದು ಗಿಡವನ್ನು ಕಿತ್ತು ನರ್ಸರಿಯವರಿಗೆ ಒಯ್ದು ತೋರಿಸಲಾಗಿ ಅವರು ಬೇರು ಮೂಸಿ, "ಏನಮ್ಮಾ, ಗಿಡ ಬೆಳೆಸ್ತಿದ್ದೀಯೋ, ಈಜು ಕಲಿಸ್ತಿದ್ದೀಯೋ?" ಎಂದರು. ತಾನು ಬೆಳಗ್ಗೆ ಒಂದೊಂದು ಲೋಟ ನೀರಿನ ಹೊರತು ಹನಿಯನ್ನೂ ಹಾಕಿಲ್ಲವೆಂದು ಅರ್ಜಿದಾರಳು ಮನಸ್ಸಿನಲ್ಲಿ ಸವಿಸ್ತಾರವಾಗಿ ವಾದಿಸಿದಳು. ಬಾಯಿಂದ ಬಂದದ್ದು "ಹೂಂ" ಮಾತ್ರ.

೪. ಆದ್ದರಿಂದ ನಿನ್ನೆ ಬೆಳಗ್ಗೆ ಅರ್ಜಿದಾರಳು ತಂತಿಯ ಮೇಲೆ ತಾವೇ ಒಣಹಾಕಿದ್ದ ದೊಡ್ಡ ಹೊದಿಕೆಯ ಹಿಂದೆ ಅವಿತು ಕುಳಿತಳು. ಕಂಡದ್ದು ಇಂತಿದೆ:

ಮೊದಲು ಬಂದವರು ಅಜ್ಜಿ. ಮಂಡಿ ನೋವೆಂದು ಹೊಸಿಲನ್ನೂ ದಾಟದವರು ಇಡೀ ಮೆಟ್ಟಿಲು ಹತ್ತಿ ಬಂದು, ಮಾತ್ರೆ ನುಂಗಿ ಉಳಿದ ನೀರನ್ನು ಬದನೆಗೆ ಹಾಕಿ, "ಕುಡ್ಕೋ ಕಂದಾ" ಎಂದರು.

ಅವರು ಇಳಿದ ಬೆನ್ನಿಗೇ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಅಕ್ಕ. ಸಮವಸ್ತ್ರದಲ್ಲೇ ಬಾಗಿ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, "ಅಯ್ಯೋ, ಬಾಡ್ತಾ ಇದೆ, ನೀರು ಸಾಲ್ತಿಲ್ಲ ಇದಕ್ಕೆ" ಎಂದು ತನ್ನ ಬಾಟಲಿ ಬರಿದು ಮಾಡಿದಳು. ಅವಳ ಚಪ್ಪಲಿ ಅದಾಗಲೇ ಕೆಸರಿನಲ್ಲಿತ್ತು.

ಆಮೇಲೆ ಅಪ್ಪ. ರಿಪೇರಿಗೆ ಬಂದ ಕೈಗಡಿಯಾರದೊಳಗೆ ಒಂದು ಹನಿ ಎಣ್ಣೆ ಬಿಡಲು ಉಸಿರು ಬಿಗಿಹಿಡಿಯುವ ಮನುಷ್ಯ ಮಗ್ಗಿನ ತುಂಬ ನೀರು ತಂದಿದ್ದರು. ಅತ್ತಿತ್ತ ನೋಡಿ, ಗಿಡಗಳಿಗೆ ಮೆಲ್ಲಗೆ ಹೇಳಿದ್ದು ಇಷ್ಟು: "ಸಾಯಬೇಡ್ರಪ್ಪಾ. ನೀವು ಹೋದ್ರೆ ಅವಳು ಮತ್ತೆ ಬಾಗಿಲು ಹಾಕ್ಕೊಂಡ್ಬಿಡ್ತಾಳೆ."

ಕಣ್ಣಿಗೆ ಕಸ ಬಿದ್ದ ಕಾರಣ ಅರ್ಜಿದಾರಳಿಗೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ.

ಕೊನೆಗೆ ಬಂದವರು ಬಟ್ಟೆ ಜಾಲಿಸಿದ ಸೋಪಿನ ನೀರಿನ ಬಕೆಟ್ ಹಿಡಿದ ಒಬ್ಬ ಹೆಂಗಸು. ಅವರು ಯಾರೆಂದು ಹೇಳಲು ಅರ್ಜಿದಾರಳಿಗೆ ಭಯವಿದೆ. ಇಡೀ ಬಕೆಟ್ ಸುರಿದು, "ಇಷ್ಟು ಹಾಕಿದ್ರೂ ಇವಕ್ಕೇನು ಬಂತು ರೋಗ" ಎಂದು ಗೊಣಗಿ, ಹೊದಿಕೆ ಒಣಗಿದೆಯೇ ಎಂದು ಈ ಕಡೆ ಬರುವಷ್ಟರಲ್ಲಿ ಕೆಳಗೆ ಹಾಲು ಉಕ್ಕಿದ ವಾಸನೆ ಬಂದು ಓಡಿದರು. ಟೊಮೇಟೊ ಎಲೆಗಳು ಇಸ್ತ್ರಿ ಅಂಗಡಿಯಂತೆ ಘಮ್ಮೆನ್ನುತ್ತಿದ್ದುದು ಏಕೆಂದು ಆಗ ತಿಳಿಯಿತು.

೫. ಮೇಲಿನದರಿಂದ ಗೊತ್ತಾಗುವುದೇನೆಂದರೆ, ನೀರು ಹೆಚ್ಚಾಗಿ ಗಿಡ ಬಾಡಿತು. ಬಾಡಿದ್ದು ಕಂಡು ಎಲ್ಲರೂ ಇನ್ನಷ್ಟು ನೀರು ಹಾಕಿದರು. ಹಾಕಿದ್ದನ್ನು ಯಾರೂ ಯಾರಿಗೂ ಹೇಳಲಿಲ್ಲ. ಅರ್ಜಿದಾರಳ ಸ್ವಭಾವ ಯಾರ ಕಡೆಯಿಂದ ಬಂತೆಂದು ಈ ಮನೆಯಲ್ಲಿ ಆಗಾಗ ಏಳುವ ಪ್ರಶ್ನೆಗೆ, ಎಲ್ಲರ ಕಡೆಯಿಂದಲೂ ಎಂದು ಇಲ್ಲಿಗೆ ಉತ್ತರ ಸಿಕ್ಕಂತಾಯಿತು.

೬. ನರ್ಸರಿಯವರು ಮೊದಲೇ "ಡಬ್ಬದ ತಳಕ್ಕೆ ತೂತು ಹಾಕ್ಸಮ್ಮ" ಎಂದಿದ್ದರು. ಡ್ರಿಲ್ ಇರುವುದು ಕೆಳಗಿನ ಮನೆಯ ಬಡಗಿಯವರ ಹತ್ತಿರ. ಅರ್ಜಿದಾರಳು ಅವರ ಬಾಗಿಲವರೆಗೆ ಹೋಗಿ, ಕಾಲೊರೆಸು ನೋಡಿ, ವಾಪಸ್ ಬಂದಿರುತ್ತಾಳೆ. ಹೀಗೆ ಹಲವು ಸಲ ಆಗಿದೆ. ಆದ್ದರಿಂದ ಬಿದ್ದ ನೀರಿಗೆ ಹೋಗಲು ದಾರಿಯಿರಲಿಲ್ಲ.

೭. ನೀರಿನ ಟ್ಯಾಂಕಿನ ಹಿಂದೆ, ಗೋಡೆಯ ಬಿರುಕಿನಲ್ಲಿ, ಕೈತಪ್ಪಿ ಬಿದ್ದ ಒಂದು ಹುರುಳಿಕಾಯಿ ಬೀಜ ತಾನೇ ಬೆಳೆದು ಪೈಪು ಹಿಡಿದು ಮೇಲೇರಿ ಕಾಯಿ ಬಿಟ್ಟಿದೆ. ಅದು ಅಲ್ಲಿರುವುದು ಯಾರಿಗೂ ಗೊತ್ತಿಲ್ಲದ ಕಾರಣ ಬದುಕಿದೆ. ದಯವಿಟ್ಟು ಈ ಅಂಶವನ್ನು ಓದಿದ ಕೂಡಲೇ ಬಕೆಟ್ ಹಿಡಿದು ಹೊರಡಬಾರದು.

ಆದ್ದರಿಂದ, ಸದರಿ ಡಬ್ಬಗಳನ್ನು ಗುಜರಿಗೆ ಕೊಡದೆ ಮತ್ತೊಮ್ಮೆ ಬಿತ್ತಲು ಅಪ್ಪಣೆ ಕೊಡಬೇಕಾಗಿಯೂ, ನೀರು ಹಾಕಿದವರು ಇಳಿದು ಬಂದು "ನಾನು ಹಾಕಿದೆ" ಎಂದು ಊಟದ ಮೇಜಿನಲ್ಲಿ ಬಾಯಿಬಿಟ್ಟು ಹೇಳುವ ನಿಯಮ ಜಾರಿಗೆ ತರಬೇಕಾಗಿಯೂ ಕೋರಿಕೆ. ಕೋಣೆಯ ಬಾಗಿಲಿನ ವಿಚಾರದಲ್ಲಿ ಅಪ್ಪನವರು ಗಿಡಗಳಿಗೆ ಹೇಳಿದ್ದನ್ನು ನೇರವಾಗಿ ಅರ್ಜಿದಾರಳಿಗೇ ಹೇಳಬಹುದು. ಅವಳು ಕೇಳಿಸಿಕೊಳ್ಳುತ್ತಾಳೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯೇ ಆದ,
ಕಿರಿಯ ಮಗಳು

ಲಗತ್ತುಗಳು:
೧. ಹುರುಳಿಕಾಯಿ, ಒಂದು (ಅಡುಗೆಗೆ ಬಳಸತಕ್ಕದ್ದಲ್ಲ).
೨. ಕೊಳೆತ ಬೇರು, ಸೋಪಿನ ಪರಿಮಳ ಸಹಿತ.
೩. ಡ್ರಿಲ್.

ಷರಾ: ಮೂರನೇ ಲಗತ್ತನ್ನು ಇಂದು ಬೆಳಗ್ಗೆ ಅರ್ಜಿದಾರಳೇ ಬಾಗಿಲು ತಟ್ಟಿ ತಂದಿರುತ್ತಾಳೆ. ಬಡಗಿಯವರು, "ನೀವು ಮೇಲಿನ ಮನೆಗೆ ಹೊಸದಾಗಿ ಬಂದ್ರಾ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಇಲ್ಲೇ ಇರುವುದಾಗಿ ಅವಳು ಪೂರ್ತಿ ವಾಕ್ಯದಲ್ಲಿ ಉತ್ತರಿಸಿದಳು. ಆದಕಾರಣ, ಭಾನುವಾರ ಗುಜರಿಯವನು ಬಂದಾಗ "ಏನೂ ಇಲ್ಲ, ಹೋಗಪ್ಪ" ಎಂದು ಹೇಳುವ ಕೆಲಸವನ್ನು ಮಾತ್ರ ತಾವೇ ವಹಿಸಿಕೊಳ್ಳಬೇಕಾಗಿ ವಿನಂತಿ. ಒಂದೇ ವಾರದಲ್ಲಿ ಇಬ್ಬರು ಹೊರಗಿನವರ ಜೊತೆ ಮಾತನಾಡುವುದು ಅರ್ಜಿದಾರಳಿಂದ ಆಗುವುದಿಲ್ಲ.