ಬಲಭುಜದ ನಾಲ್ವರು ಒಳಗಿನವರಿಗೆ ಸಲೂನಿನವನ ಅಹವಾಲು

ನನ್ನ ಬಲಭುಜದ ಒಳಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬೀಡುಬಿಟ್ಟಿರುವ ನಾಲ್ವರು ಸ್ನಾಯು ಮಹನೀಯರೇ, ಮಾನ್ಯರೇ,

ತಮ್ಮ ಕುಶಲ ವಿಚಾರಿಸುವ ಸೌಜನ್ಯ ನನಗೂ ಇದೆ. ಆದರೆ ನಾನು ಬಾಚಣಿಗೆ ಎತ್ತಿದಾಗಲೆಲ್ಲ ತಾವೇ ಚುಳುಕ್ ಎಂದು ಉತ್ತರ ಕೊಡುತ್ತಿರುವುದರಿಂದ ನೇರ ವಿಷಯಕ್ಕೆ ಬರುತ್ತೇನೆ. ನಾನು ಕತ್ತರಿ ಹಿಡಿದು ಬದುಕುವವನು. ಕೈ ಭುಜದೆತ್ತರಕ್ಕೆ ಏರದಿದ್ದರೆ ನನ್ನ ಜಾಗದಲ್ಲಿ ಭಾವಮೈದುನ ನಿಲ್ಲುತ್ತಾನೆ. ಆತ ಆಗಲೇ ಕನ್ನಡಿಯ ಮುಂದೆ ನಿಲುವು ಅಭ್ಯಾಸ ಮಾಡುತ್ತಿದ್ದಾನೆ.

ಕೈ ಎತ್ತುವ ಕೀರ್ತಿಯೆಲ್ಲ ಭುಜದ ಮೇಲೆ ಗುಂಡಗೆ ಕುಳಿತಿರುವ ದಪ್ಪ ಸ್ನಾಯು, ಆ ದೊಡ್ಡಣ್ಣನದೆಂದೇ ನಾನು ನಂಬಿದ್ದೆ. ಆತ ಮೇಲಕ್ಕೆಳೆಯುವಾಗ, ತಟ್ಟೆಯಂಥ ಗುಳಿಯಲ್ಲಿ ಕುಳಿತ ತೋಳೆಲುಬಿನ ಗುಂಡು ಜಾರದಂತೆ ಒಬ್ಬರು ಮೇಲಿನಿಂದ, ಇಬ್ಬರು ಹಿಂದಿನಿಂದ, ಒಬ್ಬರು ಮುಂದಿನಿಂದ ಅದುಮಿ ಹಿಡಿಯುವವರು ತಾವೆಂದು, ನೋವು ತೋರಿಸಲು ಹೋದಾಗ ಫಿಸಿಯೋ ಮೇಡಂ ತಿಳಿಸಿದರು. ಎಂಥ ನಿಸ್ವಾರ್ಥ ಸೇವೆ! ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ದುಡಿದು, ಕೊನೆಗೆ ನಾಲ್ವರೂ ಒಂದೇ ಸಲ ಕೈಕೊಟ್ಟಿರಲ್ಲ, ಆ ಒಗ್ಗಟ್ಟಿಗೆ ಶರಣು.

ತಮ್ಮನ್ನು ಒಲಿಸಿಕೊಳ್ಳಲು ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟು, ಮಡಿಸಿದ ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಬಾಗಿಲ ಹಿಡಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯಬೇಕಂತೆ. ಹಿಂದಿನ ಇಬ್ಬರು ಆಗ ಎಚ್ಚರಗೊಳ್ಳುತ್ತಾರಂತೆ. ಪಟ್ಟಿ ತೆಳ್ಳಗಿರಬೇಕು, ದಪ್ಪವಾದರೆ ದೊಡ್ಡಣ್ಣ ನುಗ್ಗಿ ಕೆಲಸ ಕಸಿದುಕೊಳ್ಳುತ್ತಾನೆ. ಟವೆಲ್ ಮಾತ್ರ ಬೀಳಕೂಡದು. ವಿಧೇಯನಾದ ನಾನು ಈ ಕೊನೆಯ ಅಪ್ಪಣೆಯನ್ನು ದಿನವಿಡೀ ಪಾಲಿಸಬೇಕೆಂದು ತಿಳಿದು, ಟವೆಲ್ ಅವುಚಿಕೊಂಡೇ ನಿವೃತ್ತ ಹೆಡ್ಮಾಸ್ತರರ ಕಟಿಂಗಿಗೆ ನಿಂತೆ. ಪಕ್ಕೆಗಂಟಿದ ಮೊಣಕೈ ಎಲ್ಲಿಯವರೆಗೆ ತಲುಪೀತು? ಕಿವಿಯಿಂದ ಕೆಳಗೆ ಕೆತ್ತಿದಂಥ ನುಣುಪು, ಮೇಲೆ ಕಳೆದ ತಿಂಗಳ ಕಾಡು. ಅವರು ಕನ್ನಡಿಯನ್ನು ಬಹಳ ಹೊತ್ತು ನೋಡಿ, “ಮೇಲಿನರ್ಧ ಯಾರು ಮಾಡ್ತಾರಪ್ಪಾ?” ಎಂದು ಮೆಲ್ಲಗೆ ಕೇಳಿದರು. ಭಾವಮೈದುನ ಕತ್ತರಿ ಸಮೇತ ಉತ್ತರವಾಗಿ ಬಂದ. ಈಗ ಮಾಸ್ತರರು ಬಾಗಿಲಲ್ಲೇ ಅವನಿದ್ದಾನೆಯೇ ಎಂದು ವಿಚಾರಿಸುತ್ತಾರೆ.

ಆದಕಾರಣ ತಾವು ನಾಲ್ವರೂ ಸಭೆ ಸೇರಿ, ಮುಷ್ಕರವನ್ನು ಅಂಗಡಿಯ ವಾರದ ರಜಾದಿನಕ್ಕೆ ಸೀಮಿತಗೊಳಿಸಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ, ಊರವರ ತಲೆಗಳನ್ನೆಲ್ಲ ನನ್ನ ಸೊಂಟದೆತ್ತರಕ್ಕೆ ಇಳಿಸುವಂತೆ ಸಂಬಂಧಪಟ್ಟವರಿಗೆ ಒಂದು ಶಿಫಾರಸನ್ನಾದರೂ ದಯಪಾಲಿಸಿ.

ತಾವು ಹಿಡಿತ ಬಿಟ್ಟರೂ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ,
ಸಲೂನಿನವನು

ಮರೆತ ಮಾತು: ಇಂದು ಭಾವಮೈದುನ ನನಗೇ ಕಟಿಂಗ್ ಮಾಡಿದ. ಚೆನ್ನಾಗಿಯೇ ಮಾಡಿದ. ಇಷ್ಟು ದೊಡ್ಡ ನೋವನ್ನು ತಾವು ನಾಲ್ವರು ಸೇರಿಯೂ ನನಗೆ ಕೊಟ್ಟಿರಲಿಲ್ಲ.